ಏರುವಾಗ ತಾಗಿದ ಗಾಂಧಾರ

ಹತ್ತರಗಿಯಲ್ಲಿ ಬಸ್ಸು ಚಹಾಕ್ಕೆಂದು ನಿಂತಾಗ ಇಳಿಯುವ ಮನಸ್ಸು ನನಗಿರಲಿಲ್ಲ. ನಿಪ್ಪಾಣಿಯಲ್ಲಿ ಎರಡು ದಿನದ ಪರೀಕ್ಷಾ ಕೆಲಸ ಮುಗಿಸಿ ಧಾರವಾಡದ ಮನೆಗೆ ಹೊರಟಿದ್ದೆ. ತೊಡೆಯ ಮೇಲೆ ಚೀಲ, ಚೀಲದಲ್ಲಿ ಎರಡು ತಿಂಗಳಿಂದ ಹೊರಗೆ ತೆಗೆಯದ ಕೊಳಲು. ಸೆಕೆಗೆ ಕಿಟಕಿಯ ಗಾಜು ಸರಿಸಿದೆ. ಹೋಟೆಲಿನ ಬಾಜೂ ಎಣ್ಣೆ ಗಾಣದ ಅಂಗಡಿಯೊಂದಿತ್ತು. ಅವತ್ತು ಕುಸುಬಿ ಹಿಂಡುತ್ತಿದ್ದರು.

ವಾಸನೆ ಸಾಕ್ಷಿಯಲ್ಲ ಎಂದು ಇತಿಹಾಸದ ತರಗತಿಯಲ್ಲಿ ಹುಡುಗರಿಗೆ ಹೇಳುತ್ತ ಬಂದವನು ನಾನು. ಅದು ನೆನಪನ್ನು ಎಬ್ಬಿಸುತ್ತದೆ, ಆ ನೆನಪು ನಿಜವೋ ಅಲ್ಲವೋ ಎಂಬುದಕ್ಕೆ ಹೊಣೆಯಾಗುವುದಿಲ್ಲ. ಆದರೂ ಆ ಬಿಸಿ ಕುಸುಬಿ ಎಣ್ಣೆಯ ಗಮಲು ಮೂಗಿಗೆ ಬಂದದ್ದೇ ತಡ, ಬಾಳಪ್ಪ ಕಾಕಾರ ಪಡಸಾಲೆ, ಅಲ್ಲಿ ಗೋಡೆಗೆ ಆನಿಸಿಟ್ಟ ಹಾರ್ಮೋನಿಯಂ ಪೇಟಿ, ಬೆರಳಿಗೆ ಎಣ್ಣೆ ಅದ್ದಿ ನನ್ನ ಕೊಳಲಿನ ಮೈಗೆ ಸವರುತ್ತಿದ್ದ ಅವರ ಕೈ ಎಲ್ಲವೂ ಒಮ್ಮೆಲೇ ಬಂದು ನಿಂತವು. ಚೀಲ ಹೆಗಲಿಗೇರಿಸಿಕೊಂಡು ಇಳಿದುಬಿಟ್ಟೆ. ಕಂಡಕ್ಟರ್, "ಅಲ್ರೀ ಸರ, ಧಾರವಾಡದ ಟಿಕೀಟ್ ಐತಲ್ಲ ನಿಮ್ದು?" ಅಂದ. "ಹುಕ್ಕೇರಿಯಲ್ಲಿ ಒಂದು ಕೆಲಸ ನೆನಪಾಯ್ತು" ಅಂದೆ. ಸುಳ್ಳೇನಲ್ಲ.

ಗೋಕಾಕದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕನಾಗಿದ್ದದ್ದು ಒಂದೇ ವರ್ಷ. ಅನುಭವ ಪತ್ರದ ಪ್ರಕಾರ ಅದಾಗಿ ಎಂಟು ವರ್ಷ, ನನ್ನ ಲೆಕ್ಕದಲ್ಲಿ ಮೂರು. ಜೂನ್ ಕೊನೆಗೆ ಹೋದೆನೋ ಜುಲೈ ಮೊದಲಿಗೋ, ಖಚಿತವಿಲ್ಲ. ಊರಲ್ಲಿ ಮಳೆ ಹೆಸರಿಗಷ್ಟೇ ಇತ್ತು. ಆದರೆ ಮೇಲೆಲ್ಲೋ ಘಟ್ಟದಲ್ಲಿ ಸುರಿದ ಮಳೆಗೆ ನದಿ ಕೆಂಪಾಗಿ ತುಂಬಿ, ಫಾಲ್ಸ್ ನೋಡುವ ಮಂದಿಯಿಂದ ಭಾನುವಾರದ ಬಸ್ಸುಗಳು ಬಾಗಿಲಲ್ಲಿ ಜೋತಾಡುತ್ತಿದ್ದವು. ಅಷ್ಟು ನೆನಪಿದೆ. ನೂಲಿನ ಗಿರಣಿಯ ಭೋಂಗಾ ಕೂಗಿದ ಹೊತ್ತಿಗೆ ಎದ್ದು, ಮಾಳಿಗೆಯ ಮೇಲಿನ ಬಾಡಿಗೆ ಕೋಣೆಯಲ್ಲಿ ಕೊಳಲು ಹಿಡಿಯುತ್ತಿದ್ದೆ. ಒಬ್ಬನೇ. ಕಲಿತದ್ದು ಧಾರವಾಡದಲ್ಲಿ, ಎಂ.ಎ. ಜೊತೆಗೇ. ರೇಡಿಯೊ ಕಲಾವಿದನೆನಿಸಿಕೊಳ್ಳಬೇಕೆಂದು ಎರಡು ಸಲ ಪರೀಕ್ಷಕರ ಮುಂದೆ ಬಾರಿಸಿ, ಎರಡು ಸಲವೂ ವಾಪಸಾಗಿದ್ದೆ. "ಸ್ವರ ಸರಿ ಇದೆ, ಆದರೆ ಯಾರ ಜೊತೆಗೂ ಕೂಡುವುದಿಲ್ಲ" ಎಂದು ಎರಡನೆಯ ಸಲ ಒಬ್ಬರು ಹೇಳಿದ್ದರು. ಅದರ ಅರ್ಥ ಆಗ ನನಗೆ ಆಗಿರಲಿಲ್ಲ. ಸ್ವರ ಸರಿ ಇದ್ದ ಮೇಲೆ ಇನ್ನೇನು ಬೇಕು?

ಒಂದು ಮುಂಜಾನೆ ಕೆಳಗಿನ ಓಣಿಯಿಂದ ಕೂಗು ಬಂತು.

"ಏ ಮಾಳಿಗಿ ಮ್ಯಾಲಿನವರ! ಆ ನಿಷಾದ ಒಂಚೂರು ಇಳಿಸ್ರಿ. ನಮ್ಮ ಮನ್ಯಾಗ ಹಾಲು ಒಡೀತು!"

ಇಣುಕಿದೆ. ಬಿಳಿ ಟೊಪ್ಪಿಗೆ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಧೋತರ, ಕೈಯಲ್ಲಿ ಹಾಲಿನ ಗಿಂಡಿ. ಗಿರಣಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ನೂಲು ತೆಗೆದು ನಿವೃತ್ತರಾದ ಬಾಳಪ್ಪ ಕಾಕಾ. ಎದುರು ಮನೆಯವರು. ಹಾಲು ನಿಜವಾಗಿ ಒಡೆದಿತ್ತು ಎಂದು ಆಮೇಲೆ ಅವರ ಹೆಂಡತಿ, ಕಾಕು, ಹೇಳಿದರು. ಆದರೆ ಅವರು ಗಂಡನ ಯಾವ ಮಾತನ್ನೂ ಸುಳ್ಳು ಮಾಡುವವರಲ್ಲವಾದ್ದರಿಂದ ಆ ಸಾಕ್ಷಿಯನ್ನೂ ನಾನು ಪೂರ್ತಿ ನಂಬಿಲ್ಲ.

"ನಿಷಾದ ಸರಿಯಾಗೇ ಇದೆ" ಅಂದೆ ಮೇಲಿನಿಂದ.

"ಸರಿ ಐತ್ರಿ, ಅದಕ್ಕ ಹೇಳಾಕತ್ತೇನಿ. ಅಷ್ಟು ಸರಿ ಇದ್ರ ಬ್ಯಾರೇದವರು ಎಲ್ಲಿ ಕೂಡ್ರಬೇಕು? ರವಿವಾರ ಹತ್ತಕ್ಕ ಬರ್ರಿ. ನಮ್ಮಲ್ಲೆ ಕೊಳಲಿನ ಜಾಗಾ ಖಾಲಿ ಐತಿ."

ಹಾಗೆ ನಾನು ಆ ಗುಂಪಿಗೆ ಹೋದದ್ದು. ಮೂರೇ ಜನ ಇದ್ದರು. ಪೇಟಿಗೆ ಬಾಳಪ್ಪ ಕಾಕಾ. ತಬಲಾಕ್ಕೆ ಮೂಡಲಗಿಯ ಮೆಹಬೂಬ, ಅಲ್ಲಿನ ಪೇಟೆಯಲ್ಲಿ ಗಾದಿ ಹೊಲಿಯುವ ಅಂಗಡಿಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಪಿಟೀಲಿಗೆ ಹುಕ್ಕೇರಿಯ ಸಾಲಿಯಲ್ಲಿ ಗಣಿತ ಕಲಿಸುವ ಸುಮಿತ್ರಾ ಅಕ್ಕೋರು. ಮೊದಲು ಕೊಳಲಿಗಿದ್ದವರು ವರ್ಗವಾಗಿ ಹೋಗಿದ್ದರು. ಇವರು ಸಭಾಂಗಣದಲ್ಲಿ ಬಾರಿಸುವವರಲ್ಲ, ಮೈಕು ಮುಟ್ಟುವವರಲ್ಲ. ಯಾರದಾದರೂ ಪಡಸಾಲೆಯಲ್ಲಿ, ಅಂಗಡಿಯ ಅಟ್ಟದ ಮೇಲೆ, ಹದಿನೈದು ಇಪ್ಪತ್ತು ಜನರ ಮುಂದೆ ಭಾನುವಾರ ಮುಂಜಾನೆ ಕೂಡುತ್ತಿದ್ದರು. ಹಾಡುವವರು ಯಾರೂ ಇಲ್ಲ, ಹೀಗಾಗಿ ಯಾರೂ ಮುಂದೆ ಇಲ್ಲ, ಯಾರೂ ಪಕ್ಕವಾದ್ಯದ ಸಾಥಿ ಅಲ್ಲ. ನಾಲ್ವರೂ ಒಬ್ಬರನ್ನೊಬ್ಬರು ನೋಡುತ್ತ ಕೂರುವುದು.

"ದೀಪಾವಳಿ ತನಕ ಕೂಡ್ರಿ. ಆಮ್ಯಾಲೆ ನೋಡೋಣು" ಎಂದರು ಕಾಕಾ. ಹೆಚ್ಚು ಓದಿದವನಿಗೆ ಮತ್ತೊಂದು ಪರೀಕ್ಷೆ. ಬೇಕಾಗಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಆ ಪಡಸಾಲೆಯಲ್ಲಿ ಕಿವಿ ಕೂಡಿಸುವುದನ್ನು ಒಮ್ಮೆ ಕೇಳಿದ ಮೇಲೆ ಅಲ್ಲಿ ಒಂದು ಜಾಗ ನನಗೆ ಬೇಕೇಬೇಕು ಅನ್ನಿಸಿಬಿಟ್ಟಿತ್ತು.

ಕಿವಿ ಕೂಡಿಸುವುದೆಂದರೆ ಇದು. ಕಾಕು ಒಳಗೆ ಚಹಾಕ್ಕೆ ಇಡುತ್ತಿದ್ದಂತೆ ಕಾಕಾ ಪೇಟಿಯ ಷಡ್ಜ ಒತ್ತುತ್ತಿದ್ದರು. ಪಿಟೀಲು, ಕೊಳಲು ಅದೇ ಸ್ವರ ಹಿಡಿಯಬೇಕು. ಮೆಹಬೂಬ ಸುತ್ತಿಗೆಯಿಂದ ತಬಲಾದ ಅಂಚು ಕುಟ್ಟುತ್ತ ಅಲ್ಲಿಗೇ ಬಂದು ಮುಟ್ಟಬೇಕು. ಚಹಾ ಕುದಿಯುವ ತನಕ ಅದೊಂದೇ ಸ್ವರ. ಬೇರೆ ಏನೂ ಇಲ್ಲ. ಗಿರಣಿಯ ಸದ್ದಿಗೆ ಕಾಕಾರ ಎಡಗಿವಿ ಮಂದವಾಗಿತ್ತು, ಅದಕ್ಕೆ ನನ್ನನ್ನು ಯಾವಾಗಲೂ ಬಲಕ್ಕೆ ಕೂರಿಸುತ್ತಿದ್ದರು. ನಾಲ್ಕೈದು ನಿಮಿಷ ಕಳೆದಂತೆ ಆ ಸ್ವರ ಯಾರದೂ ಆಗಿ ಉಳಿಯುತ್ತಿರಲಿಲ್ಲ. ಗೋಡೆಯಿಂದ ಬರುತ್ತಿದೆ ಅನ್ನಿಸುತ್ತಿತ್ತು. ನನ್ನ ಕೊಳಲು ಒಣಗಿದೆ ಎಂದು ಕಾಕಾ ಮೊದಲ ದಿನವೇ ಅದಕ್ಕೆ ಕುಸುಬಿ ಎಣ್ಣೆ ಸವರಿದರು. "ಪುಸ್ತಕದಾಗ ಏನ ಬರದಿರಲಿ, ನಮ್ಮ ಬಿದರಿಗೆ ನಮ್ಮ ಎಣ್ಣಿನ ಚೊಲೊ."

ಇನ್ನೊಂದು ಕಟ್ಟಳೆ ಇತ್ತು. ಅದನ್ನು ನಾನು ಒಪ್ಪಿರಲಿಲ್ಲ. ಯಾರಾದರೂ ತಪ್ಪಿದರೆ ಉಳಿದವರು ಸರಿಯಾದ ದಾರಿಯಲ್ಲೇ ಹೋಗಬಾರದು, ತಪ್ಪಿದವರು ಎಲ್ಲಿದ್ದಾರೋ ಅಲ್ಲಿಗೆ ಎಲ್ಲರೂ ಹೋಗಬೇಕು. ಅಲ್ಲಿಂದ ಕೂಡಿ ವಾಪಸು ಬರಬೇಕು.

"ಹಾಗಾದರೆ ತಪ್ಪೇ ಸರಿಯಾಗುತ್ತದಲ್ಲ?" ಎಂದು ಕೇಳಿದ್ದೆ.

ಮೆಹಬೂಬ ತಬಲಾದ ಮೇಲೆ ಪುಡಿ ಹಾಕುತ್ತ ನಕ್ಕ. "ಇಲ್ರಿ ಸರ, ತಪ್ಪು ತಪ್ಪ ಇರತೈತಿ. ಆದ್ರ ಅದಕ್ಕ ನಾಕ ಜನ ಮಾಲಕರು ಆಗ್ತಾರ."

ಶ್ರಾವಣ ಹೀಗೆ ಕಳೆಯಿತು. ಕಾಕಾ ತಾವೇ ಕಟ್ಟಿದ ಒಂದು ಗತ್ತನ್ನು ನಮಗೆ ಹೇಳಿಕೊಟ್ಟರು. ಗತ್ತೆಂದರೆ ಮಾತಿಲ್ಲದ, ವಾದ್ಯಕ್ಕೆಂದೇ ಮಾಡಿದ ರಚನೆ. ರಾಗ ಜೌನಪುರಿ, ಮುಂಜಾನೆಯ ಹೊತ್ತಿನದು. ಅದರ ಶಿಸ್ತು ಸರಳ. ಸ್ವರ ಏರುವಾಗ ಗಾಂಧಾರವನ್ನು ಮುಟ್ಟಬಾರದು, ಇಳಿಯುವಾಗ ಮಾತ್ರ ಅಲ್ಲಿ ನಿಲ್ಲಬೇಕು. ಏರುವಾಗ ಒಂದು ಮೆಟ್ಟಿಲು ಹಾರಿಹೋಗಿ, ಇಳಿಯುವಾಗ ಅದೇ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಂಡಂತೆ. ನಡುವೆ ಒಂದು ಸುತ್ತು ಕೊಳಲಿಗೆ ಮಾತ್ರ ಬಿಟ್ಟಿದ್ದರು. ಆ ಒಂದು ಸುತ್ತಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಮಹಾನವಮಿಗೆ ಮುಂಚೆ, ಮೆಹಬೂಬನ ಅಂಗಡಿಯ ಅಟ್ಟದ ಮೇಲೆ ಬೈಠಕ್ಕು. ಮೂಡಲಗಿಗೆ ಹೋದ ಬಸ್ಸಿನಲ್ಲಿ ಕಾಕಾ ಪೇಟಿಯನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದು ಕೂತಿದ್ದರು. ಅಟ್ಟದಲ್ಲಿ ಮೂರು ಕಡೆ ಹತ್ತಿಯ ರಾಶಿ. ಕೇಳಲು ಬಂದ ವ್ಯಾಪಾರಸ್ಥರು, ನೆರೆಯ ಹಳ್ಳಿಯ ರೈತರು, ಮೆಹಬೂಬನ ಮಾವಂದಿರು ಹೊಸ ಗಾದಿಗಳ ಮೇಲೆ ಕೂತರು.

"ಆರಾಮ ಕುಂತು ಕೇಳ್ರಿ" ಎಂದ ಮೆಹಬೂಬ, "ಬಾರ್ಸಿದ್ದು ಪಸಂದ ಬೀಳಲಿಲ್ಲಂದ್ರ ಗಾದಿಯರ ಪಸಂದ ಬೀಳತಾವು."

ಹತ್ತಿ ತುಂಬಿದ ಕೋಣೆಯಲ್ಲಿ ಸ್ವರಕ್ಕೆ ಅನುರಣನವೇ ಇರುವುದಿಲ್ಲ. ಬಾರಿಸಿದ್ದು ಬಾರಿಸಿದಲ್ಲೇ ಸಾಯುತ್ತದೆ. ಮರೆ ಎಂಬುದಿಲ್ಲ, ಕೂದಲೆಳೆಯಷ್ಟು ಜಾರಿದರೂ ಬೆತ್ತಲೆ ಕಾಣುತ್ತದೆ. ಎರಡನೆಯ ಸುತ್ತಿನಲ್ಲಿ ಏರುವಾಗ ಕಾಕಾರ ಬೆರಳು ಗಾಂಧಾರದ ಮೇಲೆ ಬಿತ್ತು. ತಾವೇ ಕಟ್ಟಿದ ಗತ್ತಿನಲ್ಲಿ. ಅಕ್ಕೋರ ಪಿಟೀಲು ಕೂಡಲೇ ಅಲ್ಲಿಗೆ ಹೋಯಿತು. ನಾನು ಹೋಗಲಿಲ್ಲ. ಗಾಂಧಾರ ಬಿಟ್ಟು ಮಧ್ಯಮಕ್ಕೆ ಹಾರಿ, ಅಲ್ಲೇ ಉಸಿರು ತುಂಬಿ ನಿಂತೆ. ಸರಿಯಾದ ಸ್ವರ. ಗಟ್ಟಿಯಾಗಿ. ಎರಡೂ ಒಂದಕ್ಕೊಂದು ಉಜ್ಜಿ ಹಲ್ಲು ಚುಳುಕ್ ಎನ್ನುವಂಥ ಸದ್ದಾಯಿತು. ಕಾಕಾರ ಎಡಗೈ ಪೇಟಿಯ ತಿದಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಮುಂದುವರಿದರು. ಗತ್ತು ಮುಗಿಯಿತು. ಜನ "ಭಾರಿ, ಭಾರಿ" ಅಂದರು.

ಊಟದ ಹೊತ್ತಿಗೆ ಯಾರೂ ಆ ವಿಷಯ ಎತ್ತಲಿಲ್ಲ. ಬಸ್ ನಿಲ್ದಾಣದ ತನಕ ಬಂದ ಮೆಹಬೂಬ ನನ್ನ ಅಂಗಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಕೀಳುತ್ತ ಹೇಳಿದ:

"ಸರ, ನೀವು ಖರೆ ಇದ್ರಿ. ಆದ್ರ ಒಬ್ಬರ ಇದ್ರಿ."

ಕಾಕಾ ಪ್ರತಿ ಶನಿವಾರ ಸಂಜೆ ಓಣಿಯಲ್ಲಿ ನಿಂತು "ನಾಳೆ ಹತ್ತಕ್ಕ!" ಎಂದು ಕೂಗುತ್ತಿದ್ದರು. ಅದೇ ಆಮಂತ್ರಣ. ಮೂಡಲಗಿಯಿಂದ ಬಂದ ಮುಂದಿನ ಶನಿವಾರ ಕೂಗು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ದೀಪಾವಳಿಯೂ ಬಂದು ಹೋಯಿತು. ಮೂರು ಶನಿವಾರ ಎಂದು ನನ್ನ ನೆನಪು. ನನ್ನ ಆ ವರ್ಷದ ನೋಟ್‌ಬುಕ್ಕಿನಲ್ಲಿ ನಾಲ್ಕು ಭಾನುವಾರಗಳ ಪುಟ ಖಾಲಿ ಇದೆ. ಏನೇ ಇರಲಿ, ನನಗೆ ಸಿಟ್ಟು ಬಂದಿತ್ತು. ಸರಿಯಾಗಿ ಬಾರಿಸಿದ್ದಕ್ಕೆ ಹೊರಗಿಡುತ್ತಾರೆಂದರೆ ಇವರದೂ ಒಂದು ಸಂಗೀತವೇ ಎಂದು ಕಾಲೇಜಿನ ಸಹೋದ್ಯೋಗಿಗಳ ಮುಂದೆ ಆಡಿಕೊಂಡೆ. ಅವರು ನಗಬೇಕಿದ್ದಲ್ಲಿ ನಕ್ಕರು. ಕೋಣೆಗೆ ಬಂದು ಕೊಳಲು ತೆಗೆದರೆ ಮಾತ್ರ ಬಾರಿಸಬೇಕೆನಿಸುತ್ತಿರಲಿಲ್ಲ. ಮೂರನೆಯ ಸಲ ವಾಪಸಾದವನ ಹಾಗಿದ್ದೆ.

ಭಾನುವಾರ ಹತ್ತಕ್ಕೆ ಎದುರು ಮನೆಯಿಂದ ಷಡ್ಜ ಕೇಳಿಸುತ್ತಿತ್ತು. ಕಿಟಕಿ ಮುಚ್ಚಿದರೂ ಕೇಳಿಸುತ್ತಿತ್ತು. ಒಂದು ಭಾನುವಾರ, ಬೆಲ್ಲದ ಗಾಣಗಳು ಶುರುವಾಗಿ ಗಾಳಿಯಲ್ಲೆಲ್ಲ ಕುದಿವ ಕಬ್ಬಿನ ಹಾಲಿನ ವಾಸನೆ ಇದ್ದ ದಿನ, ನಾನು ಕಿಟಕಿ ತೆರೆದು ಕೂತೆ. ಗತ್ತು ನಡೆದಿತ್ತು. ಒಂದು ಸುತ್ತು, ಎರಡು ಸುತ್ತು. ಕೊಳಲಿನ ಸುತ್ತು ಬಂತು. ಪೇಟಿ ನಿಂತಿತು. ಪಿಟೀಲೂ ನಿಂತಿತು. ಬರೀ ತಬಲಾ, ಸಣ್ಣಗೆ, ಹದಿನಾರು ಮಾತ್ರೆ. ಆಮೇಲೆ ಇಬ್ಬರೂ ಮತ್ತೆ ಕೂಡಿದರು.

ಯಾರಾದರೂ ಬಂದು ಬಾಗಿಲು ಬಡಿದಿರಬೇಕು, ಅದಕ್ಕೆ ನಿಲ್ಲಿಸಿರಬೇಕು ಎಂದುಕೊಂಡೆ. ಒಂದು ಸಲ ಆದದ್ದನ್ನು ನಂಬುವ ರೂಢಿ ನನಗಿಲ್ಲ. ಕಾದೆ. ಗತ್ತನ್ನು ಮೊದಲಿನಿಂದ ಮತ್ತೆ ಬಾರಿಸಿದರು. ಮತ್ತೆ ಅದೇ ಜಾಗದಲ್ಲಿ ಹದಿನಾರು ಮಾತ್ರೆ ಬರೀ ತಬಲಾ. ನನ್ನ ಸುತ್ತನ್ನು ಅವರು ತುಂಬಿಕೊಂಡಿರಲಿಲ್ಲ.

ಕೊಳಲು ತೆಗೆದುಕೊಂಡು ಇಳಿದು ಓಣಿ ದಾಟಿದೆ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಕಾಲಿಟ್ಟು, ಕಾಕು ಕಡೆಯಿಂದ ಬೈಸಿಕೊಂಡೆ.

"ಬಂದ್ರ್ಯಾ?" ಎಂದರು ಕಾಕಾ, ತಲೆ ಎತ್ತದೆ. "ಲಗೂ ಕೂಡ್ರಿ. ಜಾಗಾ ಬಿಟ್ಟ ಬಿಟ್ಟ ನನ್ನ ಕೈ ಜೋಂಪು ಹಿಡದಾವು."

"ನೀವು ಕರೆಯಲೇ ಇಲ್ಲ ಕಾಕಾ."

"ಹೆಂಗ ಕರೀಲಿ? ತಪ್ಪಿದಾಂವ ನಾ. ಅದೂ ನಾನ ಕಟ್ಟಿದ್ದರಾಗ. ಯಾವ ಮಾರಿ ಇಟಗೊಂಡು ಓಣ್ಯಾಗ ನಿಂತು ಒದರ್ಲಿ?"

ಅವರಿಗೆ ನಾಚಿಕೆಯಾಗಿತ್ತು. ನಾನು ಅದನ್ನು ಶಿಕ್ಷೆ ಎಂದುಕೊಂಡಿದ್ದೆ. ಆದರೆ ಆ ದಿನ ಅವರು ನನ್ನನ್ನು ಇಟ್ಟುಕೊಂಡೆ ಎಂದೂ ಹೇಳಲಿಲ್ಲ. "ದೀಪಾವಳಿ ಹೋತು. ಹುಕ್ಕೇರಿ ಬೈಠಕ್ ತನಕ ನೋಡೋಣು" ಎಂದಷ್ಟೇ ಹೇಳಿ ಷಡ್ಜ ಒತ್ತಿದರು.

ಅವತ್ತು ಅಕ್ಕೋರನ್ನು ಬಸ್ಸಿಗೆ ಬಿಡಲು ಹೋದಾಗ ಅವರು ಕಾಕಾರ ಆ ಕಟ್ಟಳೆಯ ಕಾರಣ ಹೇಳಿದರು. ಗಿರಣಿಯಲ್ಲಿ ಸಾಲಾಗಿ ನೂರಾರು ಎಳೆ ತಿರುಗುತ್ತಿರುತ್ತವಂತೆ. ಎಲ್ಲೋ ಒಂದು ಎಳೆ ಹರಿದರೆ ಹತ್ತಿರವಿದ್ದವನು ಓಡಿಹೋಗಿ ಜೋಡಿಸಬೇಕು. "ಹರದದ್ದು ಯಾರ ಸಾಲಿಂದು ಅಂತ ಕೇಳಕೋತ ಕುಂತ್ರ ನೂಲು ಹಾಳಾಗತೈತಿ. ಮೊದಲು ಜೋಡಿಸೂದು. ಕಾಕಾ ಅದನ್ನ ಪೇಟಿಗೆ ತಂದಾರ. ನಾ ಗಣಿತದಾಕಿ, ನನಗೂ ಮೊದಲು ಇದು ಸೇರಿದ್ದಿಲ್ಲ ಬಿಡ್ರಿ. ಎರಡು ತಪ್ಪು ಕೂಡಿದ್ರ ಸರಿ ಹೆಂಗ ಆಕ್ಕೈತಿ ಅಂತ ಜಗಳಾ ತಗದಿದ್ದೆ." ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ಹೇಳಿದರು, "ನಿಮ್ಮಂಗ ನಾನೂ ಒಂದು ತಿಂಗಳಾ ಕಾಕಾನ ಸಾಲಿ ಬಿಟ್ಟಿದ್ದೆ!"

ಹುಕ್ಕೇರಿಯ ಬೈಠಕ್ಕು ಡಿಸೆಂಬರಿನಲ್ಲಿ, ಅಕ್ಕೋರ ಮನೆಯಲ್ಲಿ. ಆ ವರ್ಷ ಚಳಿ ಜೋರಾಗಿತ್ತು. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು. ನಾನು ಕೊಳಲನ್ನು ಸ್ವೆಟರಿನ ಒಳಗೆ ಇಟ್ಟುಕೊಂಡಿದ್ದೆ, ಯಾಕೆಂದರೆ ಚಳಿಗೆ ಬಿದಿರಿನ ಸ್ವರ ಇಳಿಯುತ್ತದೆ, ಪೇಟಿಯದು ಅಷ್ಟು ಇಳಿಯುವುದಿಲ್ಲ. ಅಕ್ಕೋರ ಮನೆಗೆ ಕಲ್ಲಿನ ನೆಲ, ಬರಿಗೋಡೆ. ಮೂಡಲಗಿಯ ಹತ್ತಿಯ ಕೋಣೆಗೆ ಪೂರ್ತಿ ಉಲ್ಟಾ. ಒಂದು ಸ್ವರ ಬಿಟ್ಟರೆ ಅದು ಕೋಣೆಯನ್ನೊಮ್ಮೆ ಸುತ್ತಿ ವಾಪಸು ಬರುತ್ತಿತ್ತು. ಸಾಲಿಯ ಮಾಸ್ತರರು, ಬಾಜೂ ಮನೆಯವರು, ಸಂತೆಯಲ್ಲಿ ಬದನೆಕಾಯಿ ಮಾರುವ ಒಬ್ಬ ಮುದುಕ ಬಂದಿದ್ದರು. ಅಕ್ಕೋರ ಅತ್ತೆ ಒಳಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದರು.

ಇಲ್ಲಿಂದ ನಾನು ಎಚ್ಚರಿಕೆಯಿಂದ ಬರೆಯಬೇಕು. ಇದನ್ನು ಎಷ್ಟೋ ಸಲ ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೇಳಿದಷ್ಟು ಸಲ ಕಥೆ ನುಣುಪಾಗುತ್ತದೆ, ನುಣುಪಾದಷ್ಟೂ ಅದರ ಮೇಲೆ ನನಗೆ ಗುಮಾನಿ ಹೆಚ್ಚುತ್ತದೆ.

ನನ್ನ ನೆನಪಿನ ಪ್ರಕಾರ ಹೀಗಾಯಿತು. ಜೌನಪುರಿ ಗತ್ತಿನ ಎರಡನೆಯ ಸುತ್ತು. ಏರುತ್ತಿದ್ದೆವು. ರಿಷಭದಿಂದ ಮಧ್ಯಮಕ್ಕೆ ಹಾರಬೇಕು. ಚಳಿಗೆ ಮರಗಟ್ಟಿದ್ದ ನನ್ನ ಎರಡನೆಯ ಬೆರಳು ಪೂರ್ತಿ ಏಳದೆ ಅರ್ಧಕ್ಕೆ ನಿಂತಿತು. ಕೋಮಲ ಗಾಂಧಾರ ಹೊರಬಂತು. ನಾನೇ, ಸರಿಯಾದ ಸ್ವರದ ಯಜಮಾನ, ಕಾಕಾ ಬಿದ್ದ ಅದೇ ಮೆಟ್ಟಿಲ ಮೇಲೆ ಬಿದ್ದಿದ್ದೆ. ಈಗ ಉಜ್ಜುತ್ತದೆ ಎಂದು ಹಲ್ಲು ಕಚ್ಚಿದೆ. ಉಜ್ಜಲಿಲ್ಲ. ಪೇಟಿ ಅಲ್ಲಿತ್ತು. ಪಿಟೀಲು ಅಲ್ಲಿತ್ತು. ಮೆಹಬೂಬ ಎಡಗೈಯಲ್ಲಿ ಬಾರಿಸುವ ಬಾಯಾದ ಮೇಲೆ ಅಂಗೈ ಒತ್ತಿ ಆ ಸ್ವರದ ಕೆಳಗೆ ಒಂದು ಗಾದಿ ಹಾಸಿದಂತೆ ಮಾಡಿದ. ಮೂವರೂ ನನ್ನ ತಪ್ಪಿನ ಹತ್ತಿರ ಬಂದು ಕೂತಿದ್ದರು. ಕಲ್ಲಿನ ಮನೆ ಆ ಗಾಂಧಾರವನ್ನು ಒಂದು ಸುತ್ತು ತಿರುಗಿಸಿ ನಮಗೆ ಮರಳಿಸಿತು. ಅಲ್ಲಿಂದ ನಾಲ್ವರೂ ಕೂಡಿ ಮಧ್ಯಮಕ್ಕೆ ಏರಿದೆವು. ಮುಂದಿನ ಸುತ್ತಿನಲ್ಲಿ, ಯಾರೂ ಯಾರಿಗೂ ಹೇಳದೆ, ಬೇಕೆಂದೇ ಮತ್ತೆ ಅಲ್ಲಿ ನಿಂತೆವು.

ಬದನೆಕಾಯಿ ಮಾರುವ ಮುದುಕ ಪಕ್ಕದವನಿಗೆ, "ಅಲ್ಲೆ ಏನೋ ಒಂದ ಆತು ನೋಡ" ಎಂದದ್ದು ಕೇಳಿಸಿತು.

ಉಪ್ಪಿಟ್ಟಿನ ತಾಟು ಕೈಗೆ ಬಂದಾಗ ಕಾಕಾ ನನ್ನ ಕಡೆ ತಿರುಗಿ, ಶನಿವಾರಕ್ಕೂ ಕಾಯದೆ, ಓಣಿಯೂ ಇಲ್ಲದೆ, ಅಲ್ಲೇ ಹೇಳಿದರು: "ಮುಂದಿನ ರವಿವಾರ ಹತ್ತಕ್ಕ."

ಅಷ್ಟೇ. ನಾನು ಪಾಸಾಗಿದ್ದೆ. ಆಮೇಲಿನ ಐದು ತಿಂಗಳು ನನ್ನ ಬದುಕಿನ ಸುಖದ ತಿಂಗಳುಗಳು. ಮೇಲವಂಕಿಯ ಒಂದು ಪಡಸಾಲೆಯಲ್ಲಿ ಬಾರಿಸಿದೆವು, ಸಕ್ಕರೆ ಹಾಕದ ಕಬ್ಬಿನ ಹಾಲಿನ ಚಹಾ ಕುಡಿದೆವು, ಮೆಹಬೂಬನ ಜೋಕುಗಳಿಗೆ ನಕ್ಕೆವು. ಮೇ ತಿಂಗಳಲ್ಲಿ ಧಾರವಾಡದಲ್ಲಿ ಕಾಯಂ ಕೆಲಸ ಸಿಕ್ಕಿತು, ಬಂದುಬಿಟ್ಟೆ. ಆ ಡಿಸೆಂಬರಿನ ಭಾನುವಾರದ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿರುವುದು ಇಷ್ಟೇ: "ಚಳಿ. ಉಪ್ಪಿಟ್ಟು ಚೆನ್ನಾಗಿತ್ತು." ಇತಿಹಾಸದವನು ಬಿಟ್ಟುಹೋದ ದಾಖಲೆಯ ಗತಿ ಇದು.

ಹತ್ತರಗಿಯ ಹೋಟೆಲಿನ ಮುಂದೆ ಹುಕ್ಕೇರಿಯ ಬಸ್ಸು ಬಂತು. ಅಕ್ಕೋರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಓಣಿಯ ತುದಿಗೇ ಪಿಟೀಲು ಕೇಳಿಸಿತು.

"ಅಯ್ಯ, ಸರ! ಫೋನರ ಮಾಡಬಾರದ? ಬರ್ರಿ ಒಳಗ. ತಲ್ಯಾಗಿನ ಕೂದಲಾ ಎಲ್ಲಿ ಬಿಟ್ಟ ಬಂದ್ರಿ?"

ಅಕ್ಕೋರು ನಿವೃತ್ತರಾಗಿದ್ದಾರೆ. ಗುಂಪು ಇನ್ನೂ ನಡೆದಿದೆ, ತಿಂಗಳಿಗೆರಡು ಭಾನುವಾರ. ಗತ್ತಿನಲ್ಲಿ ಏರುವಾಗಿನ ಆ ಗಾಂಧಾರ ಈಗ ಕಾಯಂ ಆಗಿದೆ, ಅದಿಲ್ಲದೆ ಬಾರಿಸುವುದೇ ಇಲ್ಲ ಎಂದರು. ನನಗೆ ಹೆಮ್ಮೆಯಾಯಿತು. "ನನ್ನ ತಪ್ಪಿಗೆ ಇಷ್ಟು ಆಯುಷ್ಯ ಬಂತಲ್ಲ" ಅಂದೆ.

ಅಕ್ಕೋರು ಚಹಾದ ಕಪ್ಪು ಕೆಳಗಿಟ್ಟರು. "ನಿಮ್ಮ ತಪ್ಪು? ಅದು ನಂದ್ರಿ! ನನ್ನ ಕಮಾನಿಗೆ ರಾಳ ಹೆಚ್ಚಾಗಿ ಬೆರಳು ಹಿಂದ ಉಳೀತು. ನಾ ಗಾಂಧಾರದ ಮ್ಯಾಲ ಸಿಕ್ಕೊಂಡೆ. ನೀವು ಮೂರೂ ಮಂದಿ ಬಂದ್ರಿ."

ನಾನು ವಾದಿಸಿದೆ. ಬೆರಳು, ಚಳಿ, ಅರ್ಧ ತೆರೆದ ರಂಧ್ರ. ಅಕ್ಕೋರು ಗಣಿತದವರು, ಜಗ್ಗಲಿಲ್ಲ. "ಮೆಹಬೂಬಗ ಹಚ್ಚೂಣು" ಎಂದು ಫೋನು ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು.

"ಇಬ್ಬರೂ ಸುಳ್ಳ" ಎಂದ ಮೆಹಬೂಬ ಮೂಡಲಗಿಯಿಂದ. "ಅದು ನಂದು."

"ತಬಲಾದಾಗ ಗಾಂಧಾರ ಎಲ್ಲಿಂದ ಬಂತೋ ಮಾರಾಯಾ?"

"ಅಕ್ಕೋರ, ನಾ ಒಂದು ಮಾತ್ರಾ ಮೊದಲ ಹೊಡದೆ. ನೀವೆಲ್ಲಾ ದಾಟಾಕ ಹೊಂಟವರು ಗಾಬರ್ಯಾಗಿ ನಡುವ ನಿಂತ್ರಿ. ನಿಮ್ಮ ಗಾಂಧಾರಕ್ಕ ಕಾರಣ ನನ್ನ ಅಂಗೈ. ನಾ ಎಂಟ ವರ್ಷದಿಂದ ಎಲ್ಲಾರಿಗೂ ಹಿಂಗ ಹೇಳಕೋತ ಬಂದೇನಿ, ಈಗ ಬದಲಿ ಮಾಡಬ್ಯಾಡ್ರಿ!"

ಅಕ್ಕೋರು ನಗುತ್ತ ಒಳಗೆ ಹೋಗಿ ಹಳೆಯ ಫೋನೊಂದನ್ನು ತಂದರು. ಅವತ್ತಿನ ಬೈಠಕ್ಕನ್ನು ಅಭ್ಯಾಸಕ್ಕೆಂದು ಕಿಟಕಿಯ ಕಟ್ಟೆಯ ಮೇಲಿಟ್ಟು ರೆಕಾರ್ಡ್ ಮಾಡಿದ್ದರಂತೆ. "ಪುರಾವೆ ಬೇಕಲ್ಲ ನಿಮಗ? ತಗೋರಿ" ಎಂದು ನನ್ನ ಫೋನಿಗೆ ಕಳಿಸಿದರು. "ಗೋಕಾಕಕ್ಕ ಹೋಗ್ರಿ. ಕಾಕಾನ ಮುಂದ ಕುಂತು ಕೇಳ್ರಿ. ಆಮ್ಯಾಲ ನಿರ್ಣಯ ಹೇಳ್ರಿ."

ಗೋಕಾಕ ಮುಟ್ಟಿದಾಗ ಬಿಸಿಲು ಇಳಿದಿತ್ತು. ಓಣಿ ಅದೇ. ನನ್ನ ಮಾಳಿಗೆಯ ಕೋಣೆಯ ಕಿಟಕಿ ನಾನಂದುಕೊಂಡದ್ದಕ್ಕಿಂತ ಬಹಳ ಸಣ್ಣದು. ಕಾಕಾ ಬಾಗಿಲಲ್ಲೇ ಕೂತಿದ್ದರು, ತೆಳ್ಳಗಾಗಿದ್ದರು, ಟೊಪ್ಪಿಗೆ ಕಿವಿಯ ತನಕ ಇಳಿದಿತ್ತು. ಗುರುತು ಹಿಡಿಯಲು ಒಂದು ಗಳಿಗೆಯೂ ಬೇಕಾಗಲಿಲ್ಲ. "ಬಂದ್ರ್ಯಾ? ಬಲಕ್ಕ ಕೂಡ್ರಿ" ಅಂದರು. ಬಲಕ್ಕೆ ಕೂತೆ. ಅಕ್ಕೋರ ಮಾತು, ಮೆಹಬೂಬನ ಮಾತು ಎಲ್ಲ ಹೇಳಿದೆ.

ಕಾಕಾ ನಿಧಾನವಾಗಿ ತಲೆಯಾಡಿಸಿದರು. "ಪಾಪ, ನನ್ನ ಮರ್ಯಾದಿ ಉಳಸಾಕ ಹಂಗ ಹೇಳ್ತಾರ. ಆವತ್ತ ತಪ್ಪಿದ್ದು ನಾ. ಮೂಡಲಗ್ಯಾಗ ಎಲ್ಲಿ ಬಿದ್ದಿದ್ನೋ ಅಲ್ಲೇ ಮತ್ತ ಬಿದ್ದೆ. ಮುಗೀತು, ಮಾಸ್ತರ ಈಗ ಮಧ್ಯಮ ಊದತಾರ ಅಂತ ಕಣ್ಣ ಮುಚ್ಚಿದೆ. ಊದಲಿಲ್ಲ ನೀವು. ಬಂದ್ರಿ. ಅದಕ್ಕ, ಉಪ್ಪಿಟ್ಟು ತಿನ್ನೂದಕ್ಕ ಮೊದಲ, ಮುಂದಿನ ರವಿವಾರ ಬರ್ರಿ ಅಂದದ್ದು. ತಪ್ಪಿದ್ದಕ್ಕ ಯಾರರ ಇಟಗೋತಾರೇನ್ರಿ? ಬಂದದ್ದಕ್ಕ ಇಟಗೊಂಡದ್ದು."

ಎಂಟು ವರ್ಷ ನಾನು ಕಟ್ಟಿಕೊಂಡಿದ್ದ ಕಥೆ ಒಮ್ಮೆಲೇ ಮಗುಚಿತು. ಅವರು ನನ್ನ ಹಿಂದೆ ಬಂದರೆಂದೇ ನಂಬಿದ್ದೆ. ನಾನು ಅವರ ಹಿಂದೆ ಹೋಗಿದ್ದೆನೆ? ನನ್ನ ಬೆರಳು ಮರಗಟ್ಟಿ ಅರ್ಧಕ್ಕೆ ನಿಂತಿತೋ, ಅಥವಾ ಪೇಟಿ ಕೇಳಿ ತಾನಾಗಿಯೇ ಅರ್ಧಕ್ಕೆ ನಿಂತಿತೋ? ಎರಡನೆಯದು ನಿಜವಾದರೆ ನಾನು ನನಗೆ ಗೊತ್ತಿದ್ದುದಕ್ಕಿಂತ ಸ್ವಲ್ಪ ಒಳ್ಳೆಯವನು. ಅಂಥ ಸಾಕ್ಷಿಯನ್ನು ನಂಬಲು ಮನಸ್ಸು ಬರುತ್ತದೆ, ಅದಕ್ಕೇ ನಂಬಬಾರದು.

ಫೋನು ತೆಗೆದು ಕಾಕಾರ ಬಲಗಿವಿಯ ಹತ್ತಿರ ಹಿಡಿದೆ, ನನ್ನ ಕಿವಿಯನ್ನೂ ಅಲ್ಲೇ ಇಟ್ಟೆ. ರವೆ ಹುರಿಯುವ ಸದ್ದು, ಯಾರೋ ಕೆಮ್ಮಿದ್ದು. ಗತ್ತು. ಮೊದಲ ಸುತ್ತು. ಎರಡನೆಯದು. ಏರಿತು. ಗಾಂಧಾರ.

ಹಿಂದಕ್ಕೆ ಹೋಗಿ ಮತ್ತೆ ಹಾಕಿದೆ. ಮತ್ತೆ. ಏಳು ಸಲ ಕೇಳಿದೆ. ಪೇಟಿ ಮೊದಲಾ? ಅಲ್ಲ. ಕೊಳಲಾ? ಹಾಗೂ ಅನ್ನಿಸುವುದಿಲ್ಲ. ಆ ಸ್ವರಕ್ಕೆ ಮುಂಚೆ ಯಾರೂ ಇಲ್ಲ, ಆ ಸ್ವರ ಬಂದಾಗ ನಾಲ್ವರೂ ಅಲ್ಲಿದ್ದೇವೆ. ನಡುವೆ ಒಂದು ಬೆರಳು ತೂರಿಸುವಷ್ಟೂ ಸಂದಿಲ್ಲ. ಚಹಾ ಕುದಿಯುವ ತನಕ ಹಿಡಿಯುತ್ತಿದ್ದ ಷಡ್ಜದಂತೆ, ಅದು ಗೋಡೆಯಿಂದ ಬರುತ್ತಿದೆ.

"ಯಾರು?" ಎಂದರು ಕಾಕಾ.

"ಗೊತ್ತಾಗುವುದಿಲ್ಲ ಕಾಕಾ."

"ಖರೇನ? ಅಷ್ಟು ಓದೀರಿ, ನಿಮಗೂ ಗೊತ್ತಾಗಲಿಲ್ಲ?"

"ಇಲ್ಲ."

ಕಾಕಾ ಟೊಪ್ಪಿಗೆ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ನಕ್ಕರು. "ಹಂಗಾದ್ರ ಆವತ್ತ ಚೊಲೊ ಬಾರ್ಸೇವಿ."

ಒಳಗೆ ಕಾಕು ಚಹಾಕ್ಕಿಟ್ಟ ಸದ್ದಾಯಿತು. ಕಾಕಾ ನನ್ನ ಚೀಲದ ಬಾಯಿಯಿಂದ ಇಣುಕುತ್ತಿದ್ದ ಕೊಳಲಿನ ತುದಿ ನೋಡಿದರು. ಎಳೆದು ತೆಗೆದು, ಮೈ ಸವರಿ, ಒಣಗಿದ ಬಿದಿರನ್ನು ಉಗುರಿನಿಂದ ತಟ್ಟಿದರು.

"ನಾಳೆ ರವಿವಾರ" ಅಂದರು. "ಹತ್ತಕ್ಕ."

ಧಾರವಾಡದ ಕೊನೆಯ ಬಸ್ಸು ರಾತ್ರಿ ಒಂಬತ್ತಕ್ಕಿತ್ತು. ನಾನು ಎದ್ದು ಒಳಗೆ ಹೋಗಿ, ಕುಸುಬಿ ಎಣ್ಣೆ ಎಲ್ಲಿಟ್ಟಿದ್ದೀರಿ ಎಂದು ಕಾಕುವನ್ನು ಕೇಳಿದೆ.